ಚಂದ್ರಗಿರಿ ಕೋಟೆ ಕೆಲಸಕ್ಕೆ ಬರುವವರಿಗೂ ಹಣ ಕೊಡುವವರಿಗೂ

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಕಾಸರಗೋಡಿನ ಚಂದ್ರಗಿರಿ ಕೋಟೆಯ ಗಿಡಗಂಟಿ ತೆಗೆಯೋಣ ಅಂತ ಯೋಚನೆ. ಕೋಟೆ ಕೇರಳ ಪುರಾತತ್ವ ಇಲಾಖೆಯದ್ದು. ಅನುಮತಿ ಪತ್ರ ಕೈಗೆ ಬಂದ ಮೇಲೆ ದಿನ ಇಲ್ಲೇ ಹಾಕುತ್ತೇನೆ. ಅದಕ್ಕೂ ಮೊದಲು ಕತ್ತಿ ಹಿಡಿದು ಹೊರಡಬೇಡಿ ಮಾರಾಯ್ರೇ.

ಗೋಡೆಯ ಸಂದಿಯಲ್ಲಿ ಬೆಳೆದ ಆಲ, ಅಶ್ವತ್ಥದ ಗಿಡಗಳನ್ನು ಎಳೆದು ಕೀಳಬಾರದು. ಬೇರು ಒಳಗೆ ಮುರಕಲ್ಲನ್ನು (ಗೋಡೆಯ ಕೆಂಪು ಜಂಬಿಟ್ಟಿಗೆ ಕಲ್ಲು) ಹಿಡಿದುಕೊಂಡಿರುತ್ತದೆ. ಎಳೆದರೆ ಕಲ್ಲೂ ಜೊತೆಗೇ ಬರುತ್ತದೆ. ಬುಡಕ್ಕೆ ಕತ್ತರಿಸಿ ಬಿಡಿ, ಸಾಕು. ಬಿರುಕಿಗೆ ಸಿಮೆಂಟು ಮೆತ್ತುವ ಉತ್ಸಾಹವೂ ಬೇಡ. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಆಮೇಲೆ ಕಲ್ಲೇ ಪುಡಿಯಾಗುತ್ತದೆ.

ಬಿಸಿಲಲ್ಲಿ ಆಗದವರು ಮನೆಯ ಅಟ್ಟ ನೋಡಿ. ತಾಳೆಗರಿ ಕಟ್ಟು, ಯಕ್ಷಗಾನ ಪ್ರಸಂಗದ ಕೈಬರಹ ಇದ್ದರೆ ಪುಟ ಪುಟ ಫೋಟೋ ತೆಗೆದಿಡಿ. ಎಲ್ಲಾದರೂ ಶಾಸನದ ಕಲ್ಲು ಕಂಡರೆ ಅಕ್ಷರಕ್ಕೆ ಬಣ್ಣ, ಸೀಮೆಸುಣ್ಣ ತುಂಬಬೇಡಿ. ಬೆಳಗ್ಗಿನ ಓರೆ ಬಿಸಿಲಲ್ಲಿ ಫೋಟೋ ತೆಗೆದರೆ ಅಕ್ಷರ ಜಾಸ್ತಿ ಎದ್ದು ಕಾಣುತ್ತದೆ.

ಗಲ್ಫಿನಲ್ಲಿರುವ ಕೆಲವರು ಹಣದ ಬಗ್ಗೆ ಕೇಳಿದ್ದರು. ಬೇಕಲ ಕೋಟೆಯಂಥ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗಾದರೆ 1996ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದೆ. ಇಂಥ ಕೆಲಸಕ್ಕೇ ಅಂತ ಹೇಳಿ ಕೊಡಬಹುದು, ತೆರಿಗೆ ವಿನಾಯಿತಿಯೂ ಉಂಟು. ನಮ್ಮ ಖರ್ಚು ಗಂಜಿ, ಕೈಗವಸು, ಕತ್ತಿ ಅಷ್ಟೇ. ಅದಕ್ಕೆ ಸಾಮಾನೇ ಕೊಡಿಸಿದರೆ ಒಳ್ಳೆಯದು, ಲೆಕ್ಕದ ತಲೆನೋವಿಲ್ಲ ಅಲ್ವಾ.

ಬರುವವರು ಕೆಳಗೆ ಹೆಸರು ಹಾಕಿ. ಪೊದೆಯಲ್ಲಿ ಹಾವಿನ ಭಯ ಉಂಟು, ಶೂ ಹಾಕಿಕೊಂಡೇ ಬನ್ನಿ.