ಹೊಳೆ ಮೀನು ಬೇಡ ಅಂದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡೆಯ ಒಂದು ಊರಿನಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಧ್ಯಾಹ್ನದ ಊಟಕ್ಕೆ ಬರುವ ಬಸುರಿಯರು ಏನೇನೋ ಕೇಳುತ್ತಾರೆ. ಪಪ್ಪಾಯಿ ತಿನ್ನಬಹುದಾ, ಗ್ರಹಣದ ದಿನ ಹೊರಗೆ ಬರಬಹುದಾ. ಅದಕ್ಕೆಲ್ಲ ಉತ್ತರ ಕೊಟ್ಟು ರೂಢಿಯಾಗಿದೆ. ಹೋದ ತಿಂಗಳು ಒಬ್ಬಳು ಕೇಳಿದ್ದಕ್ಕೆ ಮಾತ್ರ ಬಾಯಿ ಕಟ್ಟಿತು. "ಅಕ್ಕೋರ, ನಮ್ಮ ಮನ್ಯಾಗ ವಾರಕ್ಕ ನಾಕ್ ದಿನ ಹೊಳಿ ಮೀನ ಆಗತೈತ್ರಿ. ಹೊಳಿಗೆ ಏನೇನೋ ಔಷಧ ಬಂದು ಸೇರತೈತಂತ. ಕೂಸಿಗೆ ಏನರ ಆಗತೈತೇನ್ರಿ?"

ಅವಳ ಗಂಡ ಬಲೆ ಬೀಸುವವನು. ನಮ್ಮೂರಿಗೆ ಬರುವ ನೀರು ಶಿವಮೊಗ್ಗ, ಭದ್ರಾವತಿ, ಹರಿಹರ ದಾಟಿ ಬರುತ್ತದೆ. ಎರಡೂ ದಂಡೆಯಲ್ಲಿ ಹತ್ತಿ, ಮೆಣಸಿನಕಾಯಿ, ಗೋವಿನಜೋಳ. ಹೊಡೆದ ಔಷಧ ಮಳೆಯಲ್ಲಿ ತೊಳೆದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಬೇಕಿಲ್ಲ.

ಆರೋಗ್ಯ ಇಲಾಖೆಯ ಒಬ್ಬರನ್ನು ಕೇಳಿದೆ. "ಸುಮ್ನೆ ಯಾಕೆ ರಿಸ್ಕು, ಹೆರಿಗೆ ಆಗೋವರೆಗೆ ಮೀನೇ ಬೇಡ ಅಂತ ಹೇಳ್ರಿ" ಎಂದರು. ಹೇಳುವುದು ಸುಲಭ. ಆ ಮನೆಯಲ್ಲಿ ಮೀನು ಬಿಟ್ಟರೆ ರೊಟ್ಟಿಗೆ ಉಳಿಯುವುದು ಖಾರದ ಪುಡಿ. ಕೂಸಿನ ಮೆದುಳು ಬೆಳೆಯಲು ಬೇಕಾದ ಒಮೆಗಾ-3 ಮೀನಿನಲ್ಲೇ ಜಾಸ್ತಿ. ಹೆದರಿಸಿ ಮೀನು ಬಿಡಿಸಿದರೆ ಅದೂ ಒಂದು ನಷ್ಟ ಅಲ್ವಾ?

ಧಾರವಾಡದಲ್ಲಿ ಓದುವ ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ಮೀನಿನ ಮೈಯಲ್ಲಿ ಕೂಡುವುದು ಹೊಲದ ಔಷಧ ಒಂದೇ ಅಲ್ಲ, ಪಾದರಸವೂ ಇದೆ. ಪಾದರಸ ನೀರಿಗೆ ಸೇರಿದರೆ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸ ಎಂಬ ವಿಷ ಮಾಡುತ್ತವೆ. ಅದು ಸಣ್ಣ ಮೀನಿಗೆ, ಅದನ್ನು ನುಂಗಿದ ದೊಡ್ಡ ಮೀನಿಗೆ ದಾಟುತ್ತಾ ಕೂಡುತ್ತಾ ಹೋಗುತ್ತದೆ. ಇದು ನನಗೆ ತಕ್ಷಣ ಅರ್ಥವಾಯಿತು. ಎರಡು ವರ್ಷದ ಹಿಂದೆ, ಜಾರದಿರಲಿ ಎಂದು ಕೈಗೆ ಬೂದಿ ಹಚ್ಚಿಕೊಂಡು, ಒಂದು ಬಾಳೆ ಮೀನು ಕೊಯ್ದಿದ್ದೆ. ಬಾಯಿ ಅಗಲ, ಎರಡು ಉದ್ದನೆಯ ಮೀಸೆ. ಹೊಟ್ಟೆ ಸೀಳಿದರೆ ಒಳಗೆ ಬೆರಳುದ್ದದ ಮೂರು ಮೀನು ಇದ್ದವು, ಒಂದಕ್ಕಂತೂ ಕಣ್ಣು ಕೂಡ ಹಾಗೇ ಇತ್ತು. ಆ ಮೂರೂ ತಿಂದಿದ್ದೆಲ್ಲ ಇದಕ್ಕೇ ಸೇರಿತಲ್ಲ!

ಹಾಗಾಗಿ ಬೇರೆ ಮೀನು ಹಿಡಿದು ತಿನ್ನುವ ಬಾಳೆ, ಕೊರವದಲ್ಲಿ ಪಾದರಸ ಜಾಸ್ತಿ ಕೂಡುತ್ತದೆ. ಕಾಟ್ಲಾ, ರೋಹು, ಜಿಲೇಬಿ, ಸಣ್ಣ ಮೀನುಗಳಲ್ಲಿ ಕಡಿಮೆ. ನಮ್ಮ ಕಡೆ ನಡೆಯುವುದು ಉಲ್ಟಾ. ಶಕ್ತಿ ಬರಲಿ ಎಂದು ಅತ್ತೆ ಕೊರವವನ್ನು ಬಸುರಿ ಸೊಸೆಗೇ ಎತ್ತಿಡುತ್ತಾಳೆ. ಪಾಪ, ಪ್ರೀತಿಯಿಂದಲೇ.

ಅರಿಶಿನ, ಉಪ್ಪು, ಹುಣಸೆಹುಳಿ ಹಚ್ಚಿ ತೊಳೆದರೆ ವಿಷ ಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದು ನಾತ ಅಷ್ಟೇ. ಪಾದರಸ ಖಂಡದಲ್ಲೇ ಇರುತ್ತದೆ, ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಡಿಡಿಟಿಯಂಥ ಹಳೇ ಕೀಟನಾಶಕಗಳು ಕೂಡುವುದು ಕೊಬ್ಬಿನಲ್ಲಿ. ಅಲ್ಲಿ ಚರ್ಮ, ಹೊಟ್ಟೆಭಾಗದ ಕೊಬ್ಬು, ಕರುಳು ತೆಗೆದು ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಸತ್ತು ತೇಲುವ ಮೀನನ್ನಂತೂ ಮುಟ್ಟಲೇಬಾರದು. ಪಾದರಸ ಕೂಡಿದ ಮೀನು ತಿಂದು ಬಂದ, 1956ರಲ್ಲಿ ಬೆಳಕಿಗೆ ಬಂದ ಜಪಾನಿನ ಮಿನಾಮಾಟಾ ರೋಗದಲ್ಲಿ ಮೇಲ್ನೋಟಕ್ಕೆ ಚೆನ್ನಾಗಿದ್ದ ತಾಯಂದಿರಿಗೂ ಊನವಿದ್ದ ಮಕ್ಕಳು ಹುಟ್ಟಿದ್ದರು. ನಮ್ಮ ಹೊಳೆ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಬಸುರಿಯ ಪ್ರಶ್ನೆಯನ್ನು ಹಗುರವಾಗಿ ತಳ್ಳಬೇಡಿ ಎನ್ನುತ್ತಿದ್ದೇನೆ.

ಮಗಳು ಇನ್ನೊಂದು ತೋರಿಸಿದಳು. ನಮ್ಮ ದೇಶದಲ್ಲಿ ನದಿ ನೀರಿಗೆ ಎ, ಬಿ, ಸಿ, ಡಿ, ಇ ಎಂದು ದರ್ಜೆ ಇದೆ. ಡಿ ದರ್ಜೆ ಮೀನುಗಾರಿಕೆಗೆ. ಅದಕ್ಕೆ ನೋಡುವುದು ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಇದೆಯೇ, ಪಿಎಚ್ 6.5ರಿಂದ 8.5ರೊಳಗೆ ಇದೆಯೇ, ಅಮೋನಿಯಾ ಎಷ್ಟು ಎನ್ನುವುದು. ಅಂದರೆ ಮೀನು ಬದುಕುತ್ತದೋ ಇಲ್ಲವೋ ಎಂಬ ಲೆಕ್ಕ ಅದು. ಮೀನು ತಿಂದವರ ಲೆಕ್ಕ ಅದರಲ್ಲಿ ಎಲ್ಲಿದೆ? ಆಹಾರ ಸುರಕ್ಷತೆಯ ನಿಯಮದಲ್ಲಿ ಮಿತಿ ಇದೆ. ಕಿಲೋ ಮೀನಿಗೆ ಪಾದರಸ 0.5 ಮಿಲಿಗ್ರಾಂ, ಬೇಟೆಯಾಡುವ ಮೀನಿಗೆ 1 ಮಿಲಿಗ್ರಾಂ ಮೀರಬಾರದು. ಆದರೆ ಹೊಳೆಯಿಂದ ಸೀದಾ ಒಲೆಗೆ ಬರುವ ಮೀನನ್ನು ಯಾರು ಅಳೆಯುತ್ತಾರೆ?

ಅಮೆರಿಕದಲ್ಲಿ ಹೊಳೆಗೊಂದು ಸೂಚನೆ ಇರುತ್ತದಂತೆ. ಸೂಚನೆ ಇಲ್ಲದ ಹೊಳೆಯಾದರೆ ವಾರಕ್ಕೆ ಒಂದೇ ಸಲ, ಸುಮಾರು 110 ಗ್ರಾಂ ತಿನ್ನಿ, ಆ ವಾರ ಬೇರೆ ಮೀನು ಬೇಡ ಎನ್ನುತ್ತಾರೆ. ನಮಗೂ ಇಂಥದ್ದೇ ಬೇಕು. ಮೀನುಗಾರಿಕೆ, ಆರೋಗ್ಯ ಇಲಾಖೆಗಳು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿ ಬಲೆ ಇಳಿಯುವ ನಾಲ್ಕಾರು ಕಡೆ ಮೀನಿನ ಖಂಡವನ್ನೇ ಪರೀಕ್ಷೆ ಮಾಡಿಸಲಿ. ಯಾವ ಮೀನು, ಯಾರಿಗೆ, ವಾರಕ್ಕೆ ಎಷ್ಟು ಎಂದು ಕನ್ನಡದಲ್ಲಿ ಬರೆದು ಹೊಳೆ ದಂಡೆಯಲ್ಲಿ, ಸಂತೆಯಲ್ಲಿ ಹಾಕಲಿ. ತಾಯಿ ಕಾರ್ಡಿನಲ್ಲೂ ಒಂದು ಸಾಲು ಇರಲಿ. ಮೀನಿನ ಚಿತ್ರ ಇರಬೇಕು, ಬಲೆ ಬೀಸುವವರಲ್ಲಿ ಓದು ಬಾರದವರೂ ಇದ್ದಾರೆ.

ಸದ್ಯಕ್ಕೆ ಅವಳಿಗೆ ಹೇಳಿದ್ದೇನೆ: ಸಣ್ಣ ಮೀನು ತಿನ್ನು, ವಾರಕ್ಕೆ ಒಂದೇ ಸಲ, ಉಳಿದ ದಿನ ಇಲ್ಲಿಯ ಮೊಟ್ಟೆ, ಕಾಳು ಬಿಡಬೇಡ. ಕೊರವವನ್ನು ಗಂಡ ಸಂತೆಗೆ ಒಯ್ಯಲಿ ಎನ್ನಲು ಹೋದೆ, ಮಾತು ನಾಲಿಗೆಯಲ್ಲೇ ನಿಂತಿತು. ಸಂತೆಯಲ್ಲಿ ಕೊಳ್ಳುವವಳೂ ಬಸುರಿಯೇ ಇರಬಹುದಲ್ಲ. ಅವಳಿಗೆ ಈಗ ಏಳು ತಿಂಗಳು.

– ಒಬ್ಬ ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ