ಸಾನಿಕ್ ಎಂದರೆ ಬರೀ ವೇಗವಲ್ಲ

ಮಾನ್ಯ ಸಂಪಾದಕರೇ,

ಹಳೆಯ ವಿಡಿಯೊ ಗೇಮ್‌ಗಳ ಮಾತು ಬಂದಾಗಲೆಲ್ಲ ಸೆಗಾ ಕಂಪನಿಯ ಮೆಗಾ ಡ್ರೈವ್ ಗೇಮ್ ಯಂತ್ರಕ್ಕೆ 1991ರಲ್ಲಿ ಬಂದ ‘ಸಾನಿಕ್ ದ ಹೆಡ್ಜ್‌ಹಾಗ್’ ಅನ್ನು ‘ವೇಗದ ಆಟ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಅದನ್ನು ನಂಬಿ ಕೂತ ಹೊಸಬರು ಬಲಗಡೆಯ ಬಟನ್ ಒತ್ತಿ ಹಿಡಿದು ಮೊದಲ ಜೋನ್ (ಆಟದ ಭಾಗ) ಆದ ಗ್ರೀನ್ ಹಿಲ್ ದಾಟುತ್ತಾರೆ, ಎರಡನೆಯದಾದ ಮಾರ್ಬಲ್ ಜೋನ್‌ಗೆ ಬರುವಷ್ಟರಲ್ಲಿ ಬೇಸತ್ತು ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ, ಆಟವನ್ನು ಪರಿಚಯಿಸಿದ ರೀತಿಯದು.

ಇಲ್ಲಿ ವೇಗ ಪುಕ್ಕಟೆ ಸಿಗುವುದಿಲ್ಲ, ಇಳಿಜಾರಿನಿಂದ ಗಳಿಸಬೇಕು. ಸಮತಟ್ಟಾದ ನೆಲದಲ್ಲಿ ಆಟದ ನಾಯಕನಾದ ಮುಳ್ಳುಹಂದಿ ಸಾನಿಕ್‌ನ ಓಟದ ವೇಗ ಒಂದು ಫ್ರೇಮ್‌ಗೆ (ಸೆಕೆಂಡಿಗೆ 60 ಸಲ ಬದಲಾಗುವ ಪರದೆಯ ಚಿತ್ರ) 6 ಪಿಕ್ಸೆಲ್ (ಪರದೆಯ ಚುಕ್ಕಿ) ಮೀರುವುದಿಲ್ಲ. ಇಳಿಜಾರು ಬಂದಾಗ ಕೆಳಗಿನ ಬಟನ್ ಒತ್ತಿದರೆ ಅವನು ಚೆಂಡಿನಂತೆ ಸುತ್ತಿಕೊಂಡು ಉರುಳುತ್ತಾನೆ, ಆಗ ಆ ಮಿತಿ ದಾಟಿ ವೇಗ ಏರುತ್ತದೆ. ಹಾಗೆ ಗಳಿಸಿದ ವೇಗವನ್ನು ಎಲ್ಲಿ ಖರ್ಚು ಮಾಡಬೇಕು, ಯಾವ ದಿಬ್ಬದ ತುದಿಯಲ್ಲಿ ಜಿಗಿದರೆ ಮೇಲಿನ ದಾರಿ ಸಿಗುತ್ತದೆ ಎಂದು ಹುಡುಕುವುದರಲ್ಲೇ ಆಟದ ನಿಜವಾದ ಸೊಗಸಿದೆ. ಒಂದು ಎಚ್ಚರಿಕೆ: ಉರುಳುತ್ತಿರುವಾಗಲೇ ಜಿಗಿದರೆ ಗಾಳಿಯಲ್ಲಿ ದಿಕ್ಕು ತಿದ್ದಲು ಆಗುವುದಿಲ್ಲ. ಹೊಸಬರು ಗುಂಡಿಗೆ ಬೀಳುವುದು ಬಹುಪಾಲು ಇದರಿಂದಲೇ.

ದಾರಿಯಲ್ಲಿ ಕೂಡಿಸುವ ಚಿನ್ನದ ಬಳೆಗಳಂಥ ರಿಂಗ್‌ಗಳ ಲೆಕ್ಕಾಚಾರವೂ ಅಷ್ಟೇ ಚೆನ್ನಾಗಿದೆ. ಒಂದೇ ಒಂದು ರಿಂಗ್ ಇದ್ದರೂ ಶತ್ರುವಿನ ಪೆಟ್ಟಿಗೆ ಜೀವ ಹೋಗುವುದಿಲ್ಲ, ರಿಂಗ್‌ಗಳು ಮಾತ್ರ ಚೆಲ್ಲಾಪಿಲ್ಲಿಯಾಗುತ್ತವೆ. ನೂರು ಕೂಡಿಸಿಟ್ಟಿದ್ದರೂ ಹೊರಗೆ ಚೆಲ್ಲುವುದು 32 ಮಾತ್ರ, ಅವೂ ಕೆಲವೇ ಸೆಕೆಂಡುಗಳಲ್ಲಿ ಮಾಯ. ಜೋನ್‌ಗಳ ಮೊದಲ ಎರಡು ಆಕ್ಟ್‌ಗಳ (ಹಂತಗಳ) ಕೊನೆಗೆ 50 ರಿಂಗ್ ಉಳಿಸಿಕೊಂಡಿದ್ದರೆ ದೊಡ್ಡ ರಿಂಗ್ ಕಾಣಿಸುತ್ತದೆ, ಅದರೊಳಗೆ ಹಾರಿದರೆ ಸ್ಪೆಷಲ್ ಸ್ಟೇಜ್ ಎಂಬ ಪ್ರತ್ಯೇಕ ಹಂತ. ಕೂಡಿಸಬೇಕಾದ ಆರು ಎಮರಾಲ್ಡ್‌ಗಳು (ಹರಳುಗಳು) ಸಿಗುವುದು ಅಲ್ಲೇ. ಆದ್ದರಿಂದ ಓಡಬೇಕೆಂಬ ಆಸೆಗೂ ರಿಂಗ್ ಕಾಪಾಡಬೇಕೆಂಬ ಭಯಕ್ಕೂ ಕೊನೆಯವರೆಗೆ ಜಗ್ಗಾಟ.

ಕೊರತೆಗಳನ್ನೂ ಮುಚ್ಚಿಡಬಾರದು. ಪರದೆಯ ಅಗಲ 320 ಪಿಕ್ಸೆಲ್, ಸಾನಿಕ್ ಇರುವುದು ಹೆಚ್ಚುಕಡಿಮೆ ನಡುವೆ. ಮುಂದೆ ಕಾಣುವುದು ಸುಮಾರು 160 ಪಿಕ್ಸೆಲ್. ಮಾಮೂಲಿ ಓಟದಲ್ಲೇ ಎದುರಿನ ಶತ್ರುವನ್ನು ನೋಡಿ ಜಿಗಿಯಲು ಅರ್ಧ ಸೆಕೆಂಡೂ ಸಿಗುವುದಿಲ್ಲ, ಜೋರಾಗಿ ಉರುಳುವಾಗಂತೂ ಕೇಳುವುದೇ ಬೇಡ. ಓಡು ಎಂದು ಹುರಿದುಂಬಿಸಿ ಕಣ್ಣು ಕಟ್ಟಿದ ಹಾಗೆ ಇದು. 1993ರ ‘ಸಾನಿಕ್ ಸಿಡಿ’ಯಲ್ಲಿ ವೇಗ ಹೆಚ್ಚಿದಾಗ ಕ್ಯಾಮೆರಾವನ್ನು ಮುಂದಕ್ಕೆ ಸರಿಸಿ ಈ ದೋಷವನ್ನು ತಕ್ಕಮಟ್ಟಿಗೆ ತಿದ್ದಲಾಯಿತು.

ಇನ್ನೊಂದು ದೋಷ ದಾರಿಯಲ್ಲಿ ಇಟ್ಟಿರುವ ಮುಳ್ಳುಗಳದು. ಪೆಟ್ಟು ಬಿದ್ದಮೇಲೆ ಸಾನಿಕ್ ಮಿನುಗುತ್ತಿರುವಷ್ಟು ಹೊತ್ತು ಅವನಿಗೆ ರಕ್ಷಣೆ ಇರಬೇಕು. ಮೊದಲ ಆವೃತ್ತಿಯಲ್ಲಿ ಮುಳ್ಳುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಒಂದು ಮುಳ್ಳಿನಿಂದ ಹಿಂದಕ್ಕೆ ಎಗರಿ ಇನ್ನೊಂದರ ಮೇಲೆ ಬಿದ್ದರೆ ಜೀವ ಹೋಯಿತೆಂದೇ ಲೆಕ್ಕ. ಇದು ಕಷ್ಟದ ಆಟವಲ್ಲ, ಅನ್ಯಾಯದ ಆಟ.

ಮಾರ್ಬಲ್ ಜೋನ್‌ನಲ್ಲಿ ಕಲ್ಲನ್ನು ಲಾವಾದೊಳಕ್ಕೆ ತಳ್ಳಿ ಅದರ ಮೇಲೆ ನಿಂತು ತೇಲಬೇಕು, ಕಾಯುವುದೇ ಕೆಲಸ. ಲ್ಯಾಬಿರಿಂತ್ ಜೋನ್‌ನ ನೀರಿನಲ್ಲಿ ಓಟದ ವೇಗ ಅರ್ಧಕ್ಕಿಳಿಯುತ್ತದೆ, ಉಸಿರು ಹಿಡಿಯಲಾಗುವುದು 30 ಸೆಕೆಂಡು ಮಾತ್ರ. ಸಣ್ಣ ಗುಳ್ಳೆಗಳಿಂದ ಪ್ರಯೋಜನವಿಲ್ಲ, ಗುಳ್ಳೆ ಏಳುವ ಜಾಗದಲ್ಲೇ ನಿಂತು ದೊಡ್ಡದು ಬರುವತನಕ ಕಾಯಬೇಕು. ಆ ಜೋನ್‌ನ ಮೂರನೇ ಆಕ್ಟ್‌ನಲ್ಲಿ ಬಾಸ್‌ಗೆ (ಜೋನ್‌ನ ಕೊನೆಯ ದೊಡ್ಡ ಶತ್ರು) ಹೊಡೆಯಲು ಹೋಗಬೇಡಿ, ಅವನನ್ನು ಬಿಟ್ಟು ಮೇಲಕ್ಕೆ ಹತ್ತಿದರೆ ಸಾಕು. ಮುಂದೆ ಸ್ಕ್ರ್ಯಾಪ್ ಬ್ರೇನ್ ಮೂರನೇ ಆಕ್ಟ್‌ನಲ್ಲಿ ಅದೇ ಲ್ಯಾಬಿರಿಂತ್ ಬಣ್ಣ ಬದಲಿಸಿಕೊಂಡು ಮತ್ತೆ ಬರುತ್ತದೆ. ಇದು ಸೋಮಾರಿತನವೇ ಸರಿ.

ಯಾವ ಆವೃತ್ತಿ ಎಂಬುದು ತುಂಬ ಮುಖ್ಯ. ಯುರೋಪಿನ 50 ಹರ್ಟ್ಸ್ (ಸೆಕೆಂಡಿಗೆ 50 ಚಿತ್ರ) ಆವೃತ್ತಿಯಲ್ಲಿ ಆಟವೂ ಸಂಗೀತವೂ ಸುಮಾರು ಶೇ 17ರಷ್ಟು ನಿಧಾನ. 2006ರ ಗೇಮ್ ಬಾಯ್ ಅಡ್ವಾನ್ಸ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಆವೃತ್ತಿ ಹೆಜ್ಜೆಹೆಜ್ಜೆಗೂ ಎಡವುತ್ತದೆ, ಅದರ ಗೊಡವೆಯೇ ಬೇಡ. 2013ರ ಮೊಬೈಲ್ ಆವೃತ್ತಿಯಲ್ಲಿ ಪರದೆ ಅಗಲವಾಗಿರುವುದರಿಂದ ಮುಂದಿನ ದಾರಿ ಹೆಚ್ಚು ಕಾಣುತ್ತದೆ, ನಿಂತಲ್ಲೇ ಸುತ್ತಿ ವೇಗ ಪಡೆಯುವ ಸ್ಪಿನ್ ಡ್ಯಾಶ್ ಕೂಡ ಇದೆ. ಮೂಲ ಆಟದಲ್ಲಿ ಅದಿರಲಿಲ್ಲ, ಬಂದದ್ದು 1992ರ ‘ಸಾನಿಕ್ 2’ ಆಟದಲ್ಲಿ. ಮೊದಲ ಸಲ ಆಡುವವರಿಗೆ ನಮ್ಮ ಸಲಹೆ ಈ ಮೊಬೈಲ್ ಆವೃತ್ತಿಯೇ. ಮೂಲವನ್ನೇ ಆಡಬೇಕೆನ್ನುವವರು 60 ಹರ್ಟ್ಸ್ ಆವೃತ್ತಿಯನ್ನು ಆರಿಸಿಕೊಳ್ಳಲಿ. ಸೇವ್ ಮಾಡುವ ಸೌಲಭ್ಯ ಅದರಲ್ಲಿಲ್ಲ, ಒಂದೇ ಪಟ್ಟಿಗೆ ಕೂತು ಮುಗಿಸಬೇಕು.

ತಮ್ಮ ಪತ್ರಿಕೆಯಲ್ಲಿ ಹಳೆಯ ಗೇಮ್‌ಗಳ ಪರಿಚಯ ಪ್ರಕಟಿಸುವಾಗ ಯಾವ ಆವೃತ್ತಿಯ ಬಗ್ಗೆ ಬರೆಯಲಾಗಿದೆ ಎಂಬುದನ್ನು ದಯವಿಟ್ಟು ನಮೂದಿಸಿ.

ಇಂತಿ,
ಹಳೆಯ ಗೇಮ್‌ಗಳ ಆಸಕ್ತರು