ಸ್ಕಿನ್ ಮಾರುವವರಿಗೆ: ಪೂರ್ತಿ ಹಣ ಇನ್ನು ಎಂಟನೇ ದಿನ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಬರುವ ಸೋಮವಾರದಿಂದ ನೀವು ಕೌಂಟರ್-ಸ್ಟ್ರೈಕ್ 2 ಆಟದ ಸ್ಕಿನ್ (ಆಟದ ಆಯುಧಗಳ ಮೇಲಿನ ಬಣ್ಣದ ವಿನ್ಯಾಸ) ನಮಗೆ ಮಾರಿದರೆ, ಮಾತಾದ ಬೆಲೆಯಲ್ಲಿ ಶೇ. 30 ಆಗಲೇ ಯುಪಿಐಗೆ ಬರುತ್ತದೆ, ಉಳಿದದ್ದು ಎಂಟನೇ ದಿನ. ಟ್ರೇಡ್ ಆಗಿ ಸ್ಕಿನ್ ನಮ್ಮ ಖಾತೆಗೆ ಬಂದ ಕೂಡಲೇ ಪೂರ್ತಿ ಹಣ ಕೊಡುತ್ತಾರೆಂದು ನಂಬಿ ಬಂದವರಿಗೆ ಇದರಿಂದ ತೊಂದರೆಯಾಗುತ್ತದೆ. ದಯವಿಟ್ಟು ಕ್ಷಮಿಸಿ.

"ನಮ್ ದುಡ್ಡು ವಾರಗಟ್ಟಲೆ ಇಟ್ಕೊಂಡು ತಿರುಗಿಸ್ತೀರಾ?" ಸುದ್ದಿ ಹೊರಬಿದ್ದಾಗಿನಿಂದ ಈ ಒಂದೇ ಮಾತು ಕೇಳುತ್ತಿದ್ದೇವೆ. 2025ರ ಜುಲೈಯಲ್ಲಿ ಸ್ಟೀಮ್ (ಈ ಆಟ ಮಾಡಿದ ವಾಲ್ವ್ ಕಂಪನಿಯ ತಾಣ, ಟ್ರೇಡ್ ನಡೆಯುವುದು ಅಲ್ಲೇ) "ಟ್ರೇಡ್ ಪ್ರೊಟೆಕ್ಷನ್" ಎಂಬ ನಿಯಮ ತಂದಿತು. ಟ್ರೇಡ್‌ನಲ್ಲಿ ಬಂದ ಸ್ಕಿನ್ನನ್ನು ಏಳು ದಿನ ಯಾರಿಗೂ ದಾಟಿಸುವಂತಿಲ್ಲ, ಅಷ್ಟರೊಳಗೆ ಕೊಟ್ಟವರು ಟ್ರೇಡನ್ನೇ ಹಿಂಪಡೆಯಬಹುದು. ನಿಯಮ ಒಳ್ಳೆಯದೇ. ನಕಲಿ ಲಾಗಿನ್ ಪುಟದಿಂದ ಕಳ್ಳರು ಖಾತೆಗೆ ಎಪಿಐ ಕೀ (ಟ್ರೇಡ್ ಆಫರ್‌ಗಳನ್ನು ಹೊರಗಿನಿಂದಲೇ ನೋಡಿ ರದ್ದು ಮಾಡಲು ಬಿಡುವ ಗುಪ್ತ ಸಂಕೇತ) ಹಾಕಿಕೊಂಡು, ನಮ್ಮ ಆಫರ್ ರದ್ದು ಮಾಡಿ, ನಮ್ಮದೇ ಹೆಸರು, ನಮ್ಮದೇ ಚಿತ್ರ ಹಾಕಿದ ಬೇರೆ ಖಾತೆಯ ಆಫರ್ ಮುಂದಿಟ್ಟು ಆಟದ ದುಬಾರಿ ಚಾಕುಗಳನ್ನು ಲಪಟಾಯಿಸಿಕೊಂಡು ಹೋದದ್ದು ನಿಮ್ಮಲ್ಲಿ ಕೆಲವರಿಗೆ ಸ್ವತಃ ಗೊತ್ತು. ಅವರಿಗೀಗ ಒಂದು ದಾರಿಯಾಯಿತು. ಆದರೆ ಅದೇ ದಾರಿಯಲ್ಲಿ ಮೋಸಗಾರನೂ ಬರುತ್ತಾನೆ. ಸ್ಕಿನ್ ಕೊಟ್ಟು ಹಣ ಎಣಿಸಿಕೊಂಡು ಐದನೇ ದಿನ ಟ್ರೇಡ್ ವಾಪಸ್ ಮಾಡಿದರೆ ಸ್ಟೀಮ್ ಅವನ ಸ್ಕಿನ್ ಅವನಿಗೆ ಕೊಡಿಸುತ್ತದೆ. ಯುಪಿಐಯಲ್ಲಿ ಹೋದ ನಮ್ಮ ಹಣ ಕೊಡಿಸುವವರು ಯಾರು? ಅವನಿಗೆ 30 ದಿನ ಟ್ರೇಡ್ ನಿರ್ಬಂಧ ಬಿದ್ದರೂ ನಮಗೆ ಬಿಡಿಗಾಸೂ ಬರುವುದಿಲ್ಲ. ತಿರುಗಿಸುವ ಮಾತಂತೂ ಬೇಡ: ಆ ಏಳು ದಿನ ಸ್ಕಿನ್ನೂ ಬೀಗ ಬಿದ್ದಂತೆ ಕೂತಿರುತ್ತದೆ, ನಮ್ಮ ಶೇ. 30 ಕೂಡ ಅದರಲ್ಲೇ ಸಿಕ್ಕಿರುತ್ತದೆ.

ಬೆಲೆ ಮಾತ್ರ ಮೊದಲ ದಿನದ್ದೇ. ನಡುವೆ ಇಳಿದರೆ ನಷ್ಟ ನಮ್ಮದು. 2025ರ ಅಕ್ಟೋಬರಿನಲ್ಲಿ ಐದು ಕೋವರ್ಟ್ (ಅಪರೂಪದ ಕೆಂಪು ದರ್ಜೆಯ) ಸ್ಕಿನ್ ಕೊಟ್ಟು ಚಾಕು ಅಥವಾ ಗ್ಲೌಸ್ ಪಡೆಯಲು ವಾಲ್ವ್ ಬಿಟ್ಟಾಗ ಚಾಕುಗಳ ಬೆಲೆ ಕುಸಿಯಿತು, ಕೆಂಪು ಸ್ಕಿನ್‌ಗಳದ್ದು ಹಾರಿತು. ರೇಟ್ ಇಳಿಸಿದ್ದು ನಾವೇ ಎಂದು ಬೈದರು. ಜಗತ್ತಿನ ಮಾರುಕಟ್ಟೆಯಲ್ಲಿ ಅಂದಾಜು 200 ಕೋಟಿ ಡಾಲರ್ ಕರಗಿದ್ದಕ್ಕೆ ಈ ಪುಟ್ಟ ಅಂಗಡಿ ಹೇಗೆ ಕಾರಣ? ಆ ವಾರವೂ ಒಪ್ಪಿದ ಬೆಲೆಯಲ್ಲಿ ಒಂದು ರೂಪಾಯಿ ಮುರಿಯಲಿಲ್ಲ. ಅದನ್ನು ಯಾರೂ ನೆನೆಯುವುದಿಲ್ಲ, ನಮಗೆ ಹೆಮ್ಮೆಯಿದೆ.

ಇನ್ನೊಂದು. ಗುಂಪು ಕಟ್ಟಿ, ಆಟದ ಆಯುಧಗಳಿಗೆ ಅಂಟಿಸುವ ಹಳೆಯ ಸ್ಟಿಕರ್‌ಗಳನ್ನೆಲ್ಲ ಬಾಚಿಕೊಂಡು, ತಮ್ಮತಮ್ಮಲ್ಲೇ ಕೊಂಡು ಮಾರಿ ಬೆಲೆ ಏರಿಸಿ, "ಇನ್ನೂ ಏರುತ್ತೆ" ಎಂದು ಡಿಸ್ಕಾರ್ಡ್ ಚಾಟ್ ಗುಂಪುಗಳಲ್ಲಿ ಹಬ್ಬಿಸುವವರಿದ್ದಾರೆ. ಅಂಥ ರೇಟ್ ನಮ್ಮಲ್ಲಿ ಸಿಗದು, ನಾವು ನೋಡುವುದು ತಿಂಗಳಿಡೀ ನಡೆದ ವ್ಯಾಪಾರವನ್ನು. ಆ ರೇಟಿಗೆ ಕೊಂಡು ಕೊನೆಗೆ ಕೈಸುಟ್ಟುಕೊಳ್ಳುವವರು ನಿಮ್ಮಂಥ ಹುಡುಗರೇ.

ಕಾಲೇಜು ಫೀಸಿಗೋ ಆಸ್ಪತ್ರೆಗೋ ಹಣ ತುರ್ತಾಗಿ ಬೇಕಿದ್ದರೆ ಸಂಕೋಚಪಡದೆ ಬಂದು ಹೇಳಿ. ಹಳಬರ ವಿಷಯದಲ್ಲಿ ನಿಯಮ ಸಡಿಲಿಸಲು ನಮಗೆ ಮನಸ್ಸಿದೆ. ನಕಲಿ ಖಾತೆಯ ಮೋಸ ತಪ್ಪಲೆಂದು ಸೋಮವಾರದಿಂದ ಪ್ರತಿ ಟ್ರೇಡ್‌ಗೂ ನಾವೇ ಫೋನ್ ಮಾಡಿ ನಮ್ಮ ಖಾತೆಯ ಲೆವೆಲ್, ಅದು ಶುರುವಾದ ದಿನಾಂಕ ಹೇಳುತ್ತೇವೆ. ನಿಮ್ಮ ಮೊಬೈಲಿನಲ್ಲಿ ಕಾಣುವುದಕ್ಕೆ ಎರಡೂ ಹೊಂದಿದರೆ ಮಾತ್ರ ಕನ್ಫರ್ಮ್ ಒತ್ತಿ.

ಇಂತಿ,
ಅಂಗಡಿಯವರು